ಜಂತುಹುಳುವಿನಿಂದ ಕರುಳು ಕಟ್ಟಿದಾಗ ಹುಳುವಿನ ಮಾತ್ರೆ ಕೊಡದಿರುವುದು ಸರಿಯೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಾಲ್ಕು ವರ್ಷದ ನನ್ನ ತಂಗಿಯ ಮಗ ಎರಡು ದಿನ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ. ನಿನ್ನೆ ಹಸಿರು ವಾಂತಿಯ ಜೊತೆ ಗೇಣುದ್ದದ ಬಿಳಿ ಹುಳು ಬಾಯಿಂದ ಬಂತು. ಕರುಳು ಕಟ್ಟಿದೆಯೆಂದು ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಕೆ ಇಳಿಸಿ, ಡ್ರಿಪ್ ಹಾಕಿ, ಬಾಯಿಗೆ ಏನನ್ನೂ ಕೊಡಬಾರದು ಎಂದಿದ್ದಾರೆ. ಹುಳುವಿನ ಮಾತ್ರೆಯನ್ನೂ ಕೊಡುತ್ತಿಲ್ಲ. ಇದು ಸರಿಯೇ?

ಉತ್ತರ (ಮಕ್ಕಳ ಶಸ್ತ್ರಚಿಕಿತ್ಸಕ): ಸರಿಯಾಗಿಯೇ ಇದೆಯಮ್ಮ, ಧೈರ್ಯವಾಗಿರಿ. 15ರಿಂದ 35 ಸೆಂ.ಮೀ. ಉದ್ದದ ಈ ದುಂಡುಹುಳುಗಳು ಹೆಚ್ಚು ಸಂಖ್ಯೆಯಲ್ಲಿದ್ದಾಗ ಒಂದಕ್ಕೊಂದು ಹೆಣೆದುಕೊಂಡು, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಿರಿದಾದ ಜಾಗದ ಹತ್ತಿರ ಉಂಡೆಯಾಗಿ ಸಿಕ್ಕಿಕೊಳ್ಳುತ್ತವೆ. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ನಾದಿದ ಹಿಟ್ಟಿನಂಥ ಗಂಟು ಸಿಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದು ಬೇರೆಡೆಗೆ ಸರಿದಿರುವುದೂ ಉಂಟು. ಸ್ಕ್ಯಾನಿಂಗ್‌ನಲ್ಲಿ ಹುಳುಗಳು ರೈಲು ಹಳಿಯಂಥ ಜೋಡಿ ಗೆರೆಗಳಾಗಿ ಕಾಣುತ್ತವೆ, ಎಕ್ಸ್-ರೇಯಲ್ಲಿ ಉಬ್ಬಿದ ಕರುಳು ಕಾಣುತ್ತದೆ. ಮಲಪರೀಕ್ಷೆಯು ಹುಳುವಿರುವುದನ್ನು ತಿಳಿಸುತ್ತದೆಯೇ ಹೊರತು ಕರುಳು ಕಟ್ಟಿರುವುದನ್ನಲ್ಲ.

ಇಂಥ ಹೊತ್ತಿನಲ್ಲಿ ಮಾತ್ರೆ ನುಂಗಿಸಿದರೆ, ಸ್ವಾಧೀನ ತಪ್ಪಿದ ಹುಳುಗಳೆಲ್ಲ ಒಟ್ಟಿಗೆ ಬಂದು ಅಲ್ಪಸ್ವಲ್ಪ ತೆರೆದಿದ್ದ ದಾರಿಯನ್ನೂ ಪೂರ್ತಿ ಮುಚ್ಚುವ ಅಪಾಯವಿದೆ. ಅಂಗಡಿಯ ಮಾತ್ರೆ ನುಂಗಿಸಿ, ಹೊಟ್ಟೆ ಇನ್ನಷ್ಟು ಉಬ್ಬಿದ ಮೇಲೆ ಮಗುವನ್ನು ಎತ್ತಿಕೊಂಡು ಓಡಿಬಂದ ತಾಯಂದಿರನ್ನು ನೋಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಳಿಕೆಯಿಂದ ಹೊಟ್ಟೆ ಖಾಲಿಯಾಗಿ, ಡ್ರಿಪ್‌ನಿಂದ ನೀರು ಮತ್ತು ಲವಣಗಳ ಕೊರತೆ ತುಂಬಿದರೆ ಬಹಳಷ್ಟು ಮಕ್ಕಳಲ್ಲಿ ಒಂದೆರಡು ದಿನಗಳಲ್ಲೇ ಉಂಡೆ ಸಡಿಲಗೊಳ್ಳುತ್ತದೆ. ಕೆಲವೆಡೆ ಉಪ್ಪುನೀರಿನ ಎನಿಮಾವನ್ನೂ ಕೊಡುತ್ತಾರೆ. ಮಲವಿಸರ್ಜನೆಯಾಗಿ ಹೊಟ್ಟೆ ಮೆತ್ತಗಾದ ನಂತರವೇ ಆಲ್ಬೆಂಡಜೋಲ್ 400 ಮಿ.ಗ್ರಾಂ. ಕೊಡುವುದು.

ಪ್ರಶ್ನೆ: ಆಪರೇಷನ್ ಯಾವಾಗ ಬೇಕಾಗುತ್ತದೆ, ಡಾಕ್ಟರೇ?

ಉತ್ತರ: ಜ್ವರ ಏರಿ ನಾಡಿ ಓಡತೊಡಗಿದರೆ, ಹೊಟ್ಟೆ ಹಲಗೆಯಂತೆ ಬಿಗಿದು ಮುಟ್ಟಿದರೆ ಮಗು ಚೀರಿದರೆ, ಮಲದಲ್ಲಿ ರಕ್ತ ಕಂಡರೆ ಕಾಯುವಂತಿಲ್ಲ, 24ರಿಂದ 48 ಗಂಟೆಗಳಾದರೂ ಕಟ್ಟು ಬಿಡದಿದ್ದರೂ ಅಷ್ಟೇ. ಕರುಳು ಚೆನ್ನಾಗಿದ್ದರೆ ಅದನ್ನು ಕತ್ತರಿಸದೆಯೇ, ಹುಳುಗಳನ್ನು ಬೆರಳುಗಳಿಂದ ಮೆಲ್ಲನೆ ನೀವುತ್ತಾ ದೊಡ್ಡ ಕರುಳಿಗೆ ಸಾಗಿಸುತ್ತೇವೆ. ಕೊಳೆತು ಕಪ್ಪಾದ ಭಾಗವಿದ್ದರೆ ಮಾತ್ರ ಅದನ್ನು ತೆಗೆದು, ಉಳಿದ ತುದಿಗಳನ್ನು ಸೇರಿಸಿ ಹೊಲಿಯಬೇಕಾಗುತ್ತದೆ.

ಮಗು ಮನೆಗೆ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಶ್ವಾಸಕೋಶದಲ್ಲಿ ಸಾಗುತ್ತಿರುವ ಮರಿಹುಳುಗಳು ಈ ಮಾತ್ರೆಗೆ ಸಾಯದೆ, ಕರುಳಿಗಿಳಿದು ಎರಡು ಮೂರು ತಿಂಗಳಲ್ಲಿ ಬಲಿಯಬಹುದು. ಆದ್ದರಿಂದ ಮೂರು ತಿಂಗಳ ಹೊತ್ತಿಗೆ ಮತ್ತೆ ಮಲಪರೀಕ್ಷೆ ಮಾಡಿಸಿ, ಮನೆಯ ಉಳಿದ ಮಕ್ಕಳನ್ನೂ ಅದೇ ದಿನ ಕರೆದುಕೊಂಡು ಹೋಗಿ.