ಪದ ಬೇಕಿದೆ: ಹಿಮದ ಬೆಟ್ಟದಲ್ಲಿ ರಾತ್ರಿ ತಂಗುವ ಮನೆಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಈಸ್ಟರ್ ರಜೆಗೆ ಇಲ್ಲಿನ ಕೆಲವು ಕನ್ನಡ ಕುಟುಂಬಗಳು ನಾರ್ವೆಯ ಬೆಟ್ಟಗಳಿಗೆ ಸ್ಕೀ ಮಾಡಲು ಹೊರಟಿವೆ. ಊರಿಂದ ಹೊಸದಾಗಿ ಬಂದವರೂ ಇದ್ದಾರೆ. ಅವರಿಗೆ ಕನ್ನಡದಲ್ಲಿ ಒಂದು ಸೂಚನೆ ಬರೆಯುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

1868ರಲ್ಲಿ ಶುರುವಾದ ಡಿಎನ್‌ಟಿ, ಅಂದರೆ ನಾರ್ವೆಯ ಚಾರಣಿಗರ ಸಂಘದ, ಬೆಟ್ಟದ ಮನೆಗಳು ಮೂರು ಬಗೆ. ಒಂದರಲ್ಲಿ ನೋಡಿಕೊಳ್ಳುವವರಿದ್ದು ಊಟ ಬಡಿಸುತ್ತಾರೆ. ಇನ್ನೊಂದರಲ್ಲಿ ಯಾರೂ ಇರುವುದಿಲ್ಲ, ಆದರೆ ಉಗ್ರಾಣದಲ್ಲಿ ಡಬ್ಬಿ ಆಹಾರ ಇರುತ್ತದೆ. ತೆಗೆದುಕೊಂಡದ್ದನ್ನು ಬರೆದು ದುಡ್ಡು ಕಟ್ಟಬೇಕು. ಮೂರನೆಯದರಲ್ಲಿ ಒಲೆ, ಸೌದೆ, ಹಾಸಿಗೆ ಇರುತ್ತೆ, ತಿನ್ನಲು ಮಾತ್ರ ನಾವೇ ಹೊತ್ತು ತರಬೇಕು. ಇವಲ್ಲದೆ, ಬಿರುಗಾಳಿಗೆ ಸಿಕ್ಕವರು ನುಗ್ಗಲು ಅಲ್ಲಲ್ಲಿ ಪುಟ್ಟ ಗೂಡುಗಳೂ ಇವೆ.

ಎಲ್ಲಕ್ಕೂ ‘ತಂಗುದಾಣ’ ಅಂತ ಹಾಕಿದ್ದೆ. ಓದಿದವರಿಗೆ ಬಸ್ ತಂಗುದಾಣ ನೆನಪಾಯಿತಂತೆ. ‘ಗುಡಿಸಲು’ ಅಂದರೆ ಸೋಗೆ ಹೊದಿಸಿದ್ದು ಕಣ್ಣಿಗೆ ಬರುತ್ತದೆ. ಏನು ಮಾಡಲಿ?

ಮರು:
ತಂಗುದಾಣವೇ ಸರಿ. ಅಚ್ಚಗನ್ನಡ. ಬಸ್ಸಿನವರು ಬಳಸಿದರು ಅಂತ ನಾವು ಬಿಟ್ಟುಕೊಡಬೇಕಾ? ಗೃಹ, ಧಾಮ, ಆಶ್ರಯ ಯಾವುದೂ ಬೇಡ. ಹಾಗೆಯೇ ‘ಹಿಮ’ ತೆಗೆದು ‘ಮಂಜು’ ಹಾಕಿ.

ಮರು:
ತಂಗುದಾಣದಲ್ಲಿ ‘ತಂಗು’ ಮಾತ್ರ ಕನ್ನಡ ಸಾರ್. ‘ದಾಣ’ ಅನ್ನುವುದು ತಾಣ, ಅದು ಸ್ಥಾನದ ತದ್ಭವ. ನಿಲ್ದಾಣವೂ ಹಾಗೇ. ಅಚ್ಚಗನ್ನಡವೇ ಬೇಕಿದ್ದರೆ ‘ಬಿಡಾರ’ ಇದೆ. ಬಿಡು, ಬೀಡು, ಬಿಡಾರ ಎಲ್ಲ ಒಂದೇ ಬೇರು. ಸಕ್ರೆಬೈಲಿನಲ್ಲಿ ಆನೆಗಳಿಗೂ ಬಿಡಾರವೇ.

ಮಂಜು ಮಾತ್ರ ಖಂಡಿತ ಬೇಡ. ಮಂಜು ಕವಿದಿದೆ ಅಂದರೆ ಸ್ಕೀ ಮಾಡುವವರಿಗೆ ದಾರಿ ಕಾಣುವುದಿಲ್ಲ ಅಂತ ಅರ್ಥ. ಹಿಮ ಬಿದ್ದಿದೆ ಅನ್ನುವುದು ಬೇರೆಯೇ ಸಂಗತಿ. ಸೂಚನೆಯಲ್ಲಿ ಎರಡೂ ಬೇಕಾಗುತ್ತವೆ.

ಮರು:
ತದ್ಭವ ಆದಮೇಲೆ ಅದು ನಮ್ಮದೇ. ಈ ವಾದ ಹಳಸಿದ್ದು. ಒಂದೊಂದು ಪದಕ್ಕೂ ಸಂಸ್ಕೃತದ ಅಪ್ಪನನ್ನು ಹುಡುಕುವ ಚಟ ಬಿಡಿ.

ಮರು:
ಅವರಿಗೆ ನಾಳೆ ಸಂಜೆಯೊಳಗೆ ಪದ ಬೇಕು, ನೀವಿಬ್ಬರೂ ಬೇರು ಕೀಳುತ್ತಾ ಕೂತಿದ್ದೀರಿ.

ಬಿಡಾರ ಹೊಂದುವುದಿಲ್ಲ. ಬಿಡಾರ ಹೂಡುತ್ತೇವೆ, ಕೀಳುತ್ತೇವೆ. ಇವು ವರ್ಷಗಟ್ಟಲೆ ನಿಂತಿರುವ ಮನೆಗಳು. ನಾನು ಅಂಥ ಮನೆಗಳಲ್ಲಿ ಉಳಿದಿದ್ದೇನೆ. ಒಳಗೆ ಕಾಲಿಟ್ಟ ಕೂಡಲೇ ಒಲೆ ಹಚ್ಚಬೇಕು. ಬಕೆಟ್ಟಿನಲ್ಲಿ ಹಿಮ ತುಂಬಿ ತಂದು ಪಾತ್ರೆಗೆ ಹಾಕಿ ಕರಗಿಸಬೇಕು, ಕುಡಿಯಲು ಅದೇ ನೀರು. ಪಾತ್ರೆ ತುಂಬ ಹಾಕಿದರೂ ತಳದಲ್ಲಿ ಒಂದಿಷ್ಟೇ ನೀರು ನಿಲ್ಲುತ್ತದೆ, ಮತ್ತೆ ಮತ್ತೆ ಹೊರಗೆ ಹೋಗಬೇಕು. ಬೆಳಗ್ಗೆ ಹೊರಡುವ ಮುಂಚೆ ನೆಲ ಗುಡಿಸಿ, ಮುಂದೆ ಬರುವವರಿಗೆ ಸೌದೆ ಒಡೆದು ಒಳಗಿಡಬೇಕು. ಇಷ್ಟೆಲ್ಲ ಮಾಡುವ ಜಾಗ ಮನೆಯೇ ಅಲ್ವಾ? ‘ತಂಗುಮನೆ’ ಅನ್ನಿ. ಊಟದ ತಂಗುಮನೆ, ದಿನಸಿ ಇರುವ ತಂಗುಮನೆ, ಬರೀ ತಂಗುಮನೆ.

ಆದರೆ ಬಿರುಗಾಳಿಯ ಗೂಡಿಗೆ ‘ತಂಗು’ ಸೇರಿಸಲೇಬೇಡಿ. ತಂಗು ಅಂತ ಕಂಡರೆ ಹಾಸಿಗೆ, ಒಲೆ ಇದೆ ಅಂತ ನಂಬಿ ಹೊರಡುತ್ತಾರೆ. ಅದು ಜೀವ ಉಳಿಸಿಕೊಳ್ಳಲು ನುಗ್ಗುವ ಜಾಗ, ರಾತ್ರಿಯ ಲೆಕ್ಕದಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ‘ಆಪತ್ತಿನ ಗೂಡು’ ಸಾಕು.

ಮರು:
ತಂಗುಮನೆ ಒಪ್ಪಿದೆ. ಆಪತ್ತು ಸಂಸ್ಕೃತ. ‘ಕುತ್ತಿನ ಗೂಡು’ ಮಾಡಿ.

ಮರು:
ಎಲ್ಲರಿಗೂ ಧನ್ಯವಾದ. ತಂಗುಮನೆ ಹಾಕಿದೆ. ಕುತ್ತು ಬೇಡ ಸಾರ್. ಬೆಂಗಳೂರಿನಿಂದ ಬಂದ ಹುಡುಗರಿಗೆ ಆಪತ್ತು ತಟ್ಟನೆ ಗೊತ್ತಾಗುತ್ತದೆ, ಬಿರುಗಾಳಿಯಲ್ಲಿ ನಿಂತು ಅರ್ಥ ಯೋಚಿಸುವಂತಾಗಬಾರದು. ಇನ್ನೊಂದು ಉಳಿದಿದೆ. ಚಳಿಗಾಲದಲ್ಲಿ ದಾರಿ ತೋರಿಸಲು ಹಿಮದಲ್ಲಿ ಸಾಲಾಗಿ ಬರ್ಚ್ ಮರದ ಕೊಂಬೆ ನೆಟ್ಟಿರುತ್ತಾರೆ. ಅದಕ್ಕೆ ‘ಗುರುತುಕೊಂಬೆ’ ಅನ್ನಬಹುದಾ? ಇವತ್ತು ರಾತ್ರಿಯೊಳಗೆ ಹೇಳಿ.