ಅಪ್‌ಡೇಟ್: ಬೆಳಗಾವಿ ಕಚೇರಿಯ ಕಿಟಕಿ ಸೋರೋದು ನಿಂತಿತು

ನನ್ನ ಪ್ರಶ್ನೆ ಇದಾಗಿತ್ತು: ಏಳಂತಸ್ತಿನ ಸರ್ಕಾರಿ ಕಚೇರಿ, ತುಕ್ಕು ಹಿಡಿದ ಕಬ್ಬಿಣದ ಕಿಟಕಿ ತೆಗೆದು ಅಲ್ಯೂಮಿನಿಯಂ ಸ್ಲೈಡಿಂಗ್ ಕೂರಿಸಿದ ಮೇಲೂ ಗಾಳಿಮಳೆ ಬಂದ್ರೆ ಪಶ್ಚಿಮದ ಕಡೆ ನೀರು ಒಳಗೆ ಬರ್ತದೆ, ಯಾಕೆ?

ಹೊರಗಿನಿಂದ ಇನ್ನೊಂದು ಸುತ್ತು ಸಿಲಿಕೋನ್ (ಸಂದಿ ಮುಚ್ಚೋ ರಬ್ಬರಿನಂಥ ಅಂಟು) ಹೊಡೆದದ್ದು ದಂಡ. ಧೂಳು ಹಿಡಿದ ಹಳೇ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯೋದಿಲ್ಲ, ಸಿಪ್ಪೆ ಹಂಗ ಎದ್ದು ಬಂತು.

ಕೈ ಹಿಡಿದದ್ದು "ಕೆಳಗಿನ ಟ್ರ್ಯಾಕಿಗೆ ಒಂದು ತಂಬಿಗೆ ನೀರು ಸುರಿದು ನೋಡ್ರಿ" ಅಂದವರ ಮಾತು. ಸುರಿದ ನೀರು ಹೊರಗೆ ಹೋಗದೆ ಅಲ್ಲೇ ನಿಂತು, ಒಳಗೆ ಉಕ್ಕಿತು. ನೀರು ಹೊರಬೀಳೋ ತೂತುಗಳನ್ನೇ ಸಿಲಿಕೋನ್ ಹಾಕಿ ಮುಚ್ಚಿದ್ದರು! ಅವನ್ನು ಬಿಡಿಸಿದ ಮೇಲೆ ಮುಕ್ಕಾಲು ಸೋರಿಕೆ ಹೋಯಿತು.

ಉಳಿದದ್ದು ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯದು. ಹಳೇ ಸಿಲಿಕೋನ್ ಪೂರ್ತಿ ಕೆತ್ತಿ, ಧೂಳು ಒರೆಸಿ, 12 ಮಿ.ಮೀ. ಸಂದಿಗೆ 15 ಮಿ.ಮೀ. ಬ್ಯಾಕರ್ ರಾಡ್ (ಸಂದಿಯೊಳಗೆ ತುಂಬೋ ಮೆತ್ತನೆಯ ಫೋಮ್ ಹುರಿ) ತುರುಕಿ, ಮೇಲೆ 6 ಮಿ.ಮೀ. ದಪ್ಪಕ್ಕೆ ನ್ಯೂಟ್ರಲ್ ವೆದರ್ ಸಿಲಿಕೋನ್ (ಹುಳಿ ವಾಸನೆ ಇಲ್ಲದ, ಮಳೆ-ಬಿಸಿಲು ತಡೆಯೋ ಬಗೆ) ಹಾಕಿಸಿದೆವು. ವಿನೆಗರ್ ವಾಸನೆ ಬರೋ ಅಗ್ಗದ್ದು ಬೇಡವೇ ಬೇಡ, ಸಿಮೆಂಟಿಗೆ ಸರಿಯಾಗಿ ಹಿಡಿಯೋದಿಲ್ಲ.

ಗೊತ್ತಿರದಿದ್ದ ಸಂಗತಿ: ಹಳೇ ಚೌಕಟ್ಟಿನ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿದಿಡೋ ಕಬ್ಬಿಣದ ಪಟ್ಟಿ) ತುಂಡುಗಳನ್ನು ಗೋಡೆಯಲ್ಲೇ ಬಿಟ್ಟಿದ್ದರು. ಕಬ್ಬಿಣ ತುಕ್ಕು ಹಿಡಿದು ಉಬ್ಬಿದ್ರೆ ಪ್ಲಾಸ್ಟರ್ ಸೀಳ್ತದೆ, ನೀರಿಗೆ ಅದೇ ದಾರಿ. ಹೊಸ ಕಿಟಕಿ ಕೂರಿಸೋ ಮುಂಚೆಯೇ ಕಿತ್ತು ತೆಗೆಸ್ರಿ.