‘ಭಯೋತ್ಪಾದನೆ’ಗೆ ಬೇರೆ ಭಾಷೆಗಳಲ್ಲಿ ಏನೆನ್ನುತ್ತಾರೆ?

ಪ್ರಶ್ನೆ: ಕನ್ನಡದ ‘ಭಯೋತ್ಪಾದನೆ’ಯಲ್ಲಿ ಭಯ ಹುಟ್ಟಿಸುವ ಕ್ರಿಯೆಯೇ ಎದ್ದು ಕಾಣುತ್ತದೆ. ಬೇರೆ ಭಾಷೆಗಳಲ್ಲಿಯೂ ಹೀಗೆಯೇ ಇದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಅರಬ್ಬಿಯ ‘ಇರ್ಹಾಬ್’ ನಮ್ಮ ಪದಕ್ಕೆ ತೀರ ಹತ್ತಿರವಾದುದು. ‘ರ-ಹ-ಬ’ ಎಂಬ ಧಾತುವಿಗೆ ಅಂಜುವುದೆಂಬ ಅರ್ಥವಿದ್ದು, ಅಂಜಿಸುವುದೆಂಬ ಅದರ ಪ್ರೇರಣಾರ್ಥಕ ರೂಪದಿಂದ ಈ ನಾಮಪದ ಬಂದಿದೆ. ದೇವರಿಗೆ ಅಂಜಿ ನಡೆಯುವ ಕ್ರೈಸ್ತ ಸನ್ಯಾಸಿಯನ್ನು ಸೂಚಿಸುವ ‘ರಾಹಿಬ್’ ಕೂಡ ಅದೇ ಧಾತುವಿನದು ಎಂಬುದನ್ನು ಮರೆಯಬಾರದು.

ಉತ್ತರ 2: ಫ್ರೆಂಚಿನ ‘ಟೆರರಿಸ್ಮ್’ ಬಳಕೆಗೆ ಬಂದದ್ದು 1794ರಲ್ಲಿ ಫ್ರೆಂಚ್ ಕ್ರಾಂತಿಯ ನಾಯಕ ರೋಬೆಸ್ಪಿಯರ್ ಪತನಗೊಂಡ ಬಳಿಕ. ಆಗ ಅದು ಗಿಲೊಟಿನ್ ಎಂಬ ತಲೆ ಕಡಿಯುವ ಯಂತ್ರದ ಬಲದಿಂದ ಆಳಿದ ಅವನ ಸರ್ಕಾರವನ್ನೇ ಕುರಿತದ್ದಾಗಿತ್ತು.

ಉತ್ತರ 3: ಹಿಂದಿಯ ‘ಆತಂಕವಾದ’, ಮಲಯಾಳದ ‘ಭೀಕರವಾದ’ಗಳಲ್ಲಿ ‘ವಾದ’ ಸೇರಿ ಅದೊಂದು ಸಿದ್ಧಾಂತವೆಂಬಂತೆ ಕೇಳಿಸುತ್ತದೆ, ಕೃತ್ಯವನ್ನೇ ಹೆಸರಿಸುವ ಕನ್ನಡದ ಪದ ಹೆಚ್ಚು ನಿಖರವೆಂದು ನನ್ನ ಅಭಿಪ್ರಾಯ.